ಸುಂದರಿಯ ಚೌಕ

ದೀಕ್ಷಿತಾಳಿಗೆ ಆ ಪ್ರಾಜೆಕ್ಟು ಯಾಕಾದರೂ ಬೇಕಿತ್ತೋ! ಎರಡು ಸಾವಿರದ ಮೂರರಲ್ಲಿ ಮೂಡುಬಿದಿರೆಯ ಕಾಲೇಜಿನಲ್ಲಿ ಎಂಸಿಎ ಓದುತ್ತಿದ್ದ ಹುಡುಗಿ. ಮನುಷ್ಯನಿಗೆ ಗೊತ್ತಿರುವುದನ್ನು ಕಂಪ್ಯೂಟರಿಗೆ ತಿಳಿಸುವುದು ಹೇಗೆಂದು ತೋರಿಸಬೇಕಿತ್ತು. ಒಂದೊಂದು ವಿಷಯಕ್ಕೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಗೆರೆ, ಗೆರೆಯ ಮೇಲೆ ಸಂಬಂಧದ ಹೆಸರು. ಊರ ಉಸಾಬರಿ ಯಾಕೆಂದು ತನ್ನ ಮನೆಯನ್ನೇ ಆರಿಸಿಕೊಂಡಳು.

ಸಿದ್ಧಕಟ್ಟೆಯ ಮನೆಯಲ್ಲಿ ಅಮ್ಮ ಕಾಂತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಹಾಕಿದಳು. ಅಕ್ಕನ ಮದುವೆಯಾಗದೆ ತಂಗಿಯದು ಆಗುವುದಿಲ್ಲ. ಮಕ್ಕಳು ಇಬ್ಬರು. ದೊಡ್ಡವಳು ಸುಂದರಿ, ಹುಟ್ಟಿದ್ದು ಎಪ್ಪತ್ತೇಳರಲ್ಲಿ, ಬಳೆಯ ಅಳತೆ ಎರಡು-ಆರು.

ಸುಂದರಿ ತೊಟ್ಟಿಲಲ್ಲೇ ತೀರಿಕೊಂಡ ಮಗು. ಆದರೆ ಹಾಗೆ ಹೋದವರು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಮನೆಯಲ್ಲೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರ ಹಾಗೆಯೇ ತೀರಿಕೊಂಡ ಗಂಡನ್ನು ಹುಡುಕಿ ಮದುವೆ ಮಾಡಿಸಬೇಕು ಎಂಬುದು ತುಳುವರ ನಂಬಿಕೆ. ಮಗಳು ಬೆಳೆದಳೆಂದು ಅಮ್ಮ ದೊಡ್ಡ ಅಳತೆಯ ಬಳೆ ತಂದು ಪೆಟ್ಟಿಗೆಯಲ್ಲಿಡುತ್ತಿದ್ದಳು. ದೀಕ್ಷಿತಾಳಿಗೆ ಬಂದ ಸಂಬಂಧಗಳು ಒಂದರ ಹಿಂದೊಂದು ಮುರಿದಾಗ, "ಅವಳದ್ದು ಮೊದಲು ಮಾಡಿಸಿ" ಎಂದು ಗಂಡನ ಕಾಲು ಹಿಡಿದಿದ್ದಳು. ಅಪ್ಪ ಸುಧಾಕರನದು ಒಂದೇ ಹಟ: "ಸತ್ತವರಿಗೆ ಎಂಥ ಮದುವೆ ಮಾರಾಯ್ತಿ?"

ಮಧ್ಯಾಹ್ನ ನಕ್ಷೆ ಮುಗಿಯಿತು. ಅಮ್ಮ ಪಾತ್ರೆ ತೊಳೆಯಲು ಎದ್ದು ಹೋದಳು. ದೀಕ್ಷಿತಾ ತಮಾಷೆಗೆ ಕಂಪ್ಯೂಟರನ್ನು ಕೇಳಿದಳು: ನನ್ನ ಮದುವೆ ಯಾವಾಗ?

ಉತ್ತರ ಬಂತು. "ಮೊದಲು ಸುಂದರಿಯದು. ವಯಸ್ಸು ಇಪ್ಪತ್ತಾರು. ಮದುವೆ ಆಗಿಲ್ಲ."

ಅಬ್ಬಾ, ಮೈ ಜುಮ್ಮೆಂದಿತು. ಸುಂದರಿ ಹುಟ್ಟಿದ ವರ್ಷವನ್ನು ಅಮ್ಮ ಹೇಳಿದ್ದಳು, ಸತ್ತದ್ದನ್ನು ಹೇಳಿರಲಿಲ್ಲ. ಹೇಳದ್ದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಇಷ್ಟೆಲ್ಲ ತಿಳಿದಿದ್ದರೂ ಬೆನ್ನ ಹಿಂದೆ ಯಾರೋ ನಿಂತು ಓದುತ್ತಿರುವಂತೆ ಅವಳಿಗೆ ಹೆದರಿಕೆಯಾಯಿತು. ತಿರುಗಿದರೆ, ಅಪ್ಪ.

"ತಪ್ಪಾಗಿದೆ ಅಪ್ಪ. ಸರಿ ಮಾಡ್ತೇನೆ." ಅವಸರವಸರವಾಗಿ 'ಮರಣ' ಎಂಬ ಚೌಕ ಬರೆದು, ಸುಂದರಿಯಿಂದ ಅಲ್ಲಿಗೆ ಗೆರೆ ಎಳೆಯಲು ಹೊರಟಳು.

ಅಪ್ಪ ಅವಳ ಕೈ ಹಿಡಿದ.

"ಅದು ಬೇಡ. ಪುಂಜಾಲಕಟ್ಟೆಯಲ್ಲಿ ಅಂಥದ್ದೊಂದು ಗಂಡು ಉಂಟಂತೆ, ನಾಳೆ ಹೋಗಿ ಕೇಳ್ತೇನೆ." ಪರದೆಯ ಮೇಲಿನ ಬಳೆಯ ಅಳತೆಗೆ ಬೆರಳಿಟ್ಟ. "ತಪ್ಪಿರುವುದು ಬಳೆಯದ್ದು. ಎರಡು-ಆರು ದೊಡ್ಡದಾಗ್ತದೆ. ಎರಡು-ನಾಲ್ಕು ಹಾಕು. ಅವಳದ್ದು ನನ್ನ ಅಮ್ಮನ ಹಾಗೆ ಸಪೂರ ಕೈ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.