ನೊಣಗಳಿಗೆ ಗಂಜಿ ಕಾಸಿದ ಡಬರಿ

ನಾನು ಒಂದು ಅಲ್ಯೂಮಿನಿಯಂ ಡಬರಿ. ಹುಟ್ಟಿದ್ದು ಮೈಸೂರಿನ ಒಂದು ಪಾತ್ರೆ ಕಾರ್ಖಾನೆಯಲ್ಲಿ. ತಗಡನ್ನು ಅಚ್ಚಿಗೊತ್ತಿ ತಿರುಗಿಸಿ ತಿರುಗಿಸಿ ನನಗೆ ಹೊಟ್ಟೆ ಬರಿಸಿದರು. ಮೊದಲು ಒಂದು ಹಾಸ್ಟೆಲಿನಲ್ಲಿ ಸಾರು ಕಾಯಿಸಿದೆ. ಅಲ್ಲಿಗೆ ದೊಡ್ಡ ಪಾತ್ರೆ ಬಂದ ಮೇಲೆ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಸಾಗಹಾಕಿದರು. ಸದ್ಯ, ಇನ್ನು ಆರಾಮ ಅಂದುಕೊಂಡೆ. ಎಲ್ಲಿಯ ಆರಾಮ! ನೊಣಗಳಿಗೆ ಗಂಜಿ ಕಾಸುವ ಕೆಲಸ ತಗಲಿಕೊಂಡಿತು.

ನಗಬೇಡಿ. ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಗಳನ್ನು ಅಲ್ಲಿ ಸೀಸೆಗಳಲ್ಲಿ ಸಾಕುತ್ತಾರೆ. ರವೆ, ಬೆಲ್ಲ, ಯೀಸ್ಟ್ ಹಾಕಿದ ಗಂಜಿಯೇ ಅವುಗಳ ಊಟ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಇಪ್ಪತ್ತಾರು ವರ್ಷ ಬೆಂದೆ. ಕಾಸುತ್ತಿದ್ದವರು ಅಟೆಂಡರ್ ಚಿಕ್ಕತಾಯಮ್ಮ. ತಿನ್ನುವವರು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಸುರಿಯುವ ಹೆಂಗಸು.

ಸಂಶೋಧನೆಗೆ ಬಂದ ಶೈಲಶ್ರೀ ಎಂಬ ಹುಡುಗಿ ಒಲೆ ಪಕ್ಕ ಕೂತು ಅವರಿಗೆ ತನ್ನ ಕೆಲಸ ವಿವರಿಸುತ್ತಿದ್ದಳು.

"ಮರಿಹುಳದೊಳಗೇ ರೆಕ್ಕೆ ಬೆಳೀತಾ ಇರುತ್ತಮ್ಮ. ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ. ಅಳತೆಗೆ ಬಂದ ತಕ್ಷಣ ಸಾಕು ನಿಲ್ಸಿ ಅಂತ ಹೇಳೋಕೆ ಒಂದಷ್ಟು ಪ್ರೋಟೀನ್‌ಗಳಿವೆ. ಅದ್ರಲ್ಲಿ ಒಂದು ಇಲ್ದೇ ಇರೋ ನೊಣಗಳು ಈ ಕೆಂಪು ಗುರುತಿನ ಸೀಸೇಲಿರೋವು."

"ಸಾಕು ಅನ್ನೋರೇ ಇಲ್ದಿದ್ರೆ?"

"ರೆಕ್ಕೆ ದೊಡ್ಡದಾಗ್ಬೇಕು. ದೊಡ್ಡದಾದ್ರೆ ನಂಗೆ ಪಿಎಚ್‌ಡಿ. ಇಲ್ದಿದ್ರೆ ಎಲ್ಲಾ ಮಣ್ಣುಪಾಲು."

ಚಿಕ್ಕತಾಯಮ್ಮನ ಕರುಳು ಚುರುಕ್ಕೆಂದಿತು. ಅಂದಿನಿಂದ ಗುರುತಿಲ್ಲದ ಸೀಸೆಗಳಿಗೆ ಮೊದಲು ಸುರಿದು, ಉಳಿದ ಗಂಜಿಗೆ ಇನ್ನೊಂದು ಹಿಡಿ ಯೀಸ್ಟ್ ಕದಡಿ ಕೆಂಪು ಗುರುತಿನವಕ್ಕೆ ಸುರಿಯತೊಡಗಿದರು. "ನಮ್ ಕೂಸಿನ ಹುಳ, ಹೊಟ್ಟೆ ತುಂಬ ತಿನ್ಲಿ" ಎಂದು ಗೊಣಗುವರು. ಡಬರಿಗೆ ಬಾಯಿ ಅಗಲ ಅಷ್ಟೇ, ಮಾತು ಬರುವುದಿಲ್ಲ. ಮೂರು ವರ್ಷ ಸುಮ್ಮನೆ ಬೆಂದೆ.

ಒಂದು ಬುಧವಾರ ಶೈಲಶ್ರೀ ಕುಣಿಯುತ್ತಾ ಬಂದು ಎರಡು ರೆಕ್ಕೆಗಳ ಫೋಟೊ ತೋರಿಸಿದಳು. "ನೋಡಿಮ್ಮ! ಚಿಕ್ಕದು ಗುರುತಿಲ್ಲದ ಸೀಸೇದು, ಮಾಮೂಲಿ ನೊಣ. ಅವೂ ನನ್ನವೇ, ಹೋಲಿಸಿ ನೋಡೋಕೆ ಇಟ್ಟಿದ್ದು. ಎರಡಕ್ಕೂ ಒಂದೇ ಊಟ. ಆದ್ರೂ ಕೆಂಪು ಗುರುತಿಂದು ಎಷ್ಟು ದೊಡ್ಡದು! ಮುಂದಿನ ವಾರ ಪ್ರಬಂಧ ಒಪ್ಪಿಸ್ತೀನಿ."

ಚಿಕ್ಕತಾಯಮ್ಮನ ಮುಖ ಬಿಳಿಚಿಕೊಂಡಿತು. ಆ ಶುಕ್ರವಾರ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನನ್ನ ತಳ ಸೀದುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿ ಡಾಕ್ಟರಾಗುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಂದ ಆಗಲಿಲ್ಲ. ಮಂಗಳವಾರ ಗಂಜಿ ಕಾಸುವಾಗ ಹೇಳಿಬಿಟ್ಟರು.

"ತಪ್ಪಾಗೋಯ್ತು ಕೂಸೇ. ಗುರುತಿಲ್ದವು ಇನ್ಯಾರದೋ ಅಂದ್ಕೊಂಡಿದ್ದೆ. ನಿನ್ನವಕ್ಕೆ ಮಾತ್ರ ಒಂದ್ ಹಿಡಿ ಯೀಸ್ಟ್ ಜಾಸ್ತಿ ಹಾಕ್ತಿದ್ದೆ."

ಹುಡುಗಿ ಕೂಗಾಡಲಿಲ್ಲ. ಅವರ ಕೈಯಿಂದ ಸೌಟು ತೆಗೆದುಕೊಂಡು, "ಇನ್ಮೇಲೆ ನಾನೇ ಕಾಸ್ಕೋತೀನಿ" ಎಂದಳು.

ಎಂಟು ತಿಂಗಳು ಅವಳೇ ಕಾಸಿದಳು. ಅಡುಗೆ ಬಾರದವಳು, ಗಂಟು ಕಟ್ಟಿಸುವಳು, ತಳ ಹಿಡಿಸುವಳು. ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ನೋಡುವರು. "ಉರಿ ಸಣ್ಣ ಮಾಡು" ಎಂದೂ ಹೇಳುತ್ತಿರಲಿಲ್ಲ. ಕೊನೆಗೆ ನನ್ನನ್ನು ತೊಳೆಯಲಿಕ್ಕೆ ಮಾತ್ರ ಒಳಗೆ ಬರುವರು. ತಿಕ್ಕುವಾಗ ಅವರ ಕಣ್ಣೀರು ನನ್ನೊಳಗೆ ಬೀಳುತ್ತಿತ್ತು. ನನಗೂ ಸಾಕಾಗಿತ್ತು, ಅವರಿಗೂ.

ಅವರು ನಿವೃತ್ತರಾಗುವ ವಾರದ ಮಂಗಳವಾರ ಶೈಲಶ್ರೀ ಅಡುಗೆಕೋಣೆಗೆ ಬಂದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಸಮನಾಗಿ ಊಟ ಹಾಕಿದ ಮೇಲೂ ಕೆಂಪು ಗುರುತಿನವೇ ದೊಡ್ಡವು. ಅವತ್ತಿನಷ್ಟಿಲ್ಲ. ಕೂದಲೆಳೆಯಷ್ಟು. ಆದ್ರೆ ನಿಜ."

ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಹುಡುಗಿ ಸೌಟನ್ನು ಅವರ ಕೈಗಿಟ್ಟಳು. "ಇವತ್ತು ನೀವೇ ಕಾಸಿ."

ಈಗ ನನ್ನ ತಳ ತೂತಾಗಿದೆ. ಉಗ್ರಾಣದ ಮೂಲೆಯಲ್ಲಿ ಒಡೆದ ಗಾಜು ತುಂಬಿಕೊಂಡು ಕೂತಿದ್ದೇನೆ. ಎಷ್ಟು ಸಾವಿರ ಸಲ ಬೆಂದೆನೋ, ಎಲ್ಲ ಒಂದೇ ತರಹ ಕಾಣುತ್ತದೆ. ಅದೊಂದು ಮಂಗಳವಾರ ಮಾತ್ರ ಮರೆಯುವುದಿಲ್ಲ. ಸೌಟು ಕೊಟ್ಟ ಹುಡುಗಿ ಹೊರಗೆ ಹೋಗಲಿಲ್ಲ. ಕೈಕಟ್ಟಿ ಅಲ್ಲೇ ನಿಂತು, ಕೊನೆಯ ಸೀಸೆಯವರೆಗೂ ಅವರ ಕೈಯನ್ನೇ ನೋಡುತ್ತಿದ್ದಳು. ಚಿಕ್ಕತಾಯಮ್ಮನಿಗೆ ಅದು ಗೊತ್ತಾಗಿತ್ತು. ಒಂದೊಂದು ಸೀಸೆಯನ್ನೂ ಅವಳ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದು, ನಿಧಾನವಾಗಿ ಸುರಿದರು.