ಕಾವಲಿಯ ಆಚೆ ಬದಿ

'ನಾನು ಬರಲ್ಲ' ಎಂದುಬಿಡಬೇಕು. ಎರಡೇ ಮಾತು. ಬೆಳಗಿನಿಂದ ಲಕ್ಷ ಸಲ ಬಾಯಲ್ಲಿ ಹೊರಳಿಸಿ ಹೊರಳಿಸಿ ಅದೀಗ ಗೋಲಿಯಷ್ಟು ನುಣ್ಣಗಾಗಿತ್ತು.

ಅವನು ಕಾವಲಿಗೆ ಎಣ್ಣೆ ಸವರಿದ. ಅಂಥಿಂಥ ಕಾವಲಿಯಲ್ಲ, ಒಂದು ಸಂಸಾರ ಮಕ್ಕಳುಮರಿ ಸಮೇತ ಕಾಲು ಚಾಚಿ ಮಲಗಬಹುದಾದಷ್ಟು ಅಗಲ. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಅವನನ್ನು ಆರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿದ್ದರು. ಕಲಿತು ಬಂದದ್ದು ಈ ಊಟ. ತಿನ್ನುವವರು ಕಾವಲಿಯ ಮುಂದೆಯೇ ಕೂರಬೇಕು. ಬೇಯಿಸುವವನು ಎದುರು ನಿಂತು ಬಿಸಿಬಿಸಿಯಾಗಿ ಅವರ ತಟ್ಟೆಗೆ ತಳ್ಳಬೇಕು.

ಅದಕ್ಕೆಂದೇ ಕೂದಲೆಳೆಯಷ್ಟೂ ತಪ್ಪದಂತೆ ಅಳೆದು, ಕಾವಲಿ ಕೂರಿಸಿದ, ಗೋಡೆಯಿಂದ ಗೋಡೆಗೆ ಹಿಡಿಸುವ ಮೇಜು ಮಾಡಿಸಿದ್ದ. ಲೋಕದ ನಕ್ಷೆಗಾರರೆಲ್ಲ ಸಾಲಾಗಿ ಬಂದು ಕೈಮುಗಿಯಬೇಕಾದ ಕೆಲಸ. ಒಂದನ್ನು ಮಾತ್ರ ಮರೆತಿದ್ದ. ಜಪಾನಿನಲ್ಲಿ ಅಡುಗೆಯವನ ಬೆನ್ನ ಹಿಂದೆ ಬಾಗಿಲಿರುತ್ತಿತ್ತು. ಇಲ್ಲಿ ಗೋಡೆ. ಬಂದವರು ಎದ್ದು ಮೇಜು ಸರಿಸುವ ತನಕ ಅವನು ಒಳಗೇ.

ಹೆಂಡತಿ, ಅವಳ ಅತ್ತಿಗೆ, ಅಣ್ಣ ಎದುರು ಸಾಲಾಗಿ ಕೂತಿದ್ದರು. ಅಣ್ಣ ಹಾಸಿಗೆ ಕಾರ್ಖಾನೆಯ ಮಾಲೀಕ. ಊರಿನ ಅರ್ಧ ಜನ ಅವನ ಹಾಸಿಗೆಯ ಮೇಲೆ ಹುಟ್ಟಿದ್ದರು, ಉಳಿದರ್ಧ ಅದರ ಮೇಲೇ ಸತ್ತಿದ್ದರು.

"ಏನ್ರೀ ನಕ್ಷೆ ಸಾಹೇಬ್ರೇ, ಬೆಂಕಿ ಹಾರಿಸೋ ಆಟ ಎಲ್ಲಿ? ಹೋದ್ಸಲ ಸೂರೇ ಸುಡ್ತಿದ್ರಲ್ಲ!"

"ಬರುತ್ತೆ."

"ನಾಳೆ ಒಂಬತ್ತಕ್ಕೆ ಕಾರು ಬರುತ್ತೆ. ಕಾರ್ಖಾನೇಲಿ ನಿಮ್ಮ ಮ್ಯಾನೇಜರ್ ರೂಮಿಗೆ ಬಣ್ಣನೂ ಹೊಡೆಸಿಬಿಟ್ಟೆ."

"ಅದೇ… ಒಂದು ವಿಷಯ ಹೇಳ್ಬೇಕಿತ್ತು."

"ರೀ, ಸೀದುಹೋಗ್ತಿದೆ!" ಎಂದಳು ಹೆಂಡತಿ.

ಮಾಂಸ ಮಗುಚಿದ. ಅಣಬೆ ಮಗುಚಿದ. ಕೋಸನ್ನು ಬದಿಗೆ ಸರಿಸಿ ಈರುಳ್ಳಿಯ ಮೇಲೆ ಸೋಯಾ ಸಾಸ್ ಹುಯ್ದ. ಮಗುಚಬೇಕಾದದ್ದು ಮುಗಿಯುವಂತೆಯೇ ಇರಲಿಲ್ಲ.

ಕಚೇರಿಯಲ್ಲಿ ಅವನಿಗೆ ಸುಖವಿತ್ತೆಂದಲ್ಲ. ಅಲ್ಲಿ ಅವನನ್ನು ಯಾರೂ ನೋಡುತ್ತಿರಲಿಲ್ಲ, ಅಷ್ಟೆ.

"ನಮ್ಮನೆಯೋರಿಗೆ ನೀರು ಕಾಯ್ಸೋಕೂ ಬರಲ್ಲ ಕಣೆ," ಎಂದು ಅಣ್ಣನ ಹೆಂಡತಿ ನಾದಿನಿಯ ಭುಜ ತಟ್ಟಿದಳು. "ನೀನು ಪುಣ್ಯ ಮಾಡಿದ್ದೆ."

ಬರಲ್ಲ! ಆಕೆಯ ಬಾಯಿಂದ ಎಷ್ಟು ಸಲೀಸಾಗಿ ಉದುರಿತು.

"ನೀವೂ ಕೂತ್ಕೊಳ್ರೀ," ಎಂದಳು ಹೆಂಡತಿ.

"ಎಲ್ಲಿ?"

ಮೂವರೂ ನಕ್ಕರು. ಕಿಟಕಿಯ ಗಾಜು ಅದುರುವಷ್ಟು ನಕ್ಕರು.

"ಇವರು ಒಪ್ಪಿದಾರಣ್ಣ," ನಗು ನಿಂತ ಮೇಲೆ ಅವಳೆಂದಳು. "ರಾಜೀನಾಮೆ ಪತ್ರ ನಾನೇ ಟೈಪ್ ಮಾಡಿಟ್ಟಿದೀನಿ. ಸಹಿ ಒಂದು ಬಾಕಿ."

ಅವನು ಕೈ ಎತ್ತಿದ. "ಒಂದು ನಿಮಿಷ! ನಾನು…"

ಎತ್ತಿದ ಕೈಯಲ್ಲಿ ಚಾಕುವಿತ್ತು. ಚಾಕು ಎತ್ತಿದನೆಂದರೆ ಗಾಳಿಯಲ್ಲಿ ತಿರುಗಿಸಿ ಹಿಡಿಯುತ್ತಾನೆಂದು ಅವರಿಗೆ ಗೊತ್ತು. ಮೂವರೂ ಚಪ್ಪಾಳೆ ತಟ್ಟಿದರು. ಅವನ ಬೆರಳುಗಳು ತಮ್ಮ ಪಾಡಿಗೆ ತಾವು ಚಾಕು ತಿರುಗಿಸಿದವು.

"ಭಲೇ!"

ಕಾವಲಿಯ ಈ ಬದಿ ನಿಂತು ಏನು ಹೇಳಿದರೂ ಅದು ಆಟವೇ. ಆ ಬದಿಗೆ ಹೋಗಿ, ಕುರ್ಚಿಯೆಳೆದು ಕೂತು, ಮನುಷ್ಯರು ಹೇಳುವಂತೆ ಹೇಳಬೇಕು. ಅವನು ಒಲೆ ಆರಿಸಿದ. ಚಾಕು ಕೆಳಗಿಟ್ಟ. ಬಗ್ಗಿ, ಮಂಡಿಯೂರಿ, ಮೇಜಿನಡಿಗೆ ತೂರಿಕೊಂಡ.

"ಇದ್ಯಾವುದಪ್ಪ ಹೊಸ ಐಟಮ್ಮು!" ಮೇಲಿನಿಂದ ಅಣ್ಣನ ದನಿ.

ಕೆಳಗೆ ಕಾಲುಗಳ ಕಾಡು. ಹೊಳೆಯುವ ಬೂಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಹೆಂಡತಿಯ ಬರಿಗಾಲು. ಅವುಗಳ ಹಿಂದೆ ಕುರ್ಚಿಯ ಕಾಲುಗಳು, ಒಂದಕ್ಕೊಂದು ಅಂಟಿಕೊಂಡು. ಭುಜ ತೂರಿಸಲು ನೋಡಿದ. ಯಾವ ಮಂಡಿಯೂ ಸರಿಯಲಿಲ್ಲ. ಕಾವಲಿಯ ಕಾವು ಹಲಗೆಯಿಂದಿಳಿದು ನೆತ್ತಿಯ ಮೇಲೆ ಕೂತಿತ್ತು.

"ದಾರಿ ಬಿಡಿ," ಎಂದ. ಮೇಲೆ ನಗು.

ಆಗ ಹೆಂಡತಿಯ ಕೈ ಮೇಜಿನಂಚಿನಿಂದ ಕೆಳಗಿಳಿಯಿತು. ಜಪಾನೀ ಊಟದ ಎರಡು ಕಡ್ಡಿಗಳ ನಡುವೆ ಒಂದು ಮಾಂಸದ ತುಂಡು. ಎಲ್ಲಕ್ಕಿಂತ ಮೆತ್ತನೆಯದನ್ನೇ ಆರಿಸಿದ್ದಳು.

"ತಗೊಳ್ರೀ, ಆರಿಹೋಗತ್ತೆ," ಎಂದಳು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಪಾಪ, ನೀವಿನ್ನೂ ಏನೂ ತಿಂದಿಲ್ಲ."

ತುಂಡು ಅವನ ಮುಖದೆದುರು ತೂಗಾಡುತ್ತಿತ್ತು. ರಸ ತೊಟ್ಟಿಕ್ಕಿ ಅಂಗೈಗಳ ನಡುವಿನ ನೆಲಕ್ಕೆ ಬಿತ್ತು.

ಹೇಳಿಯೇ ಬಿಡಬೇಕೆಂದು ಅವನು ಬಾಯಿ ತೆರೆದ.