ಗುರಿಯ ಪಕ್ಕದ ಹಾಡು

ಬೇಸಿಗೆ ಪೂರ್ತಿ ಪುಟ್ಟ ಹುಡುಗಿ ಉಯಂಗ ಬಿಲ್ಲು ಮುಟ್ಟಿರಲಿಲ್ಲ. ಹುಲ್ಲುಗಾವಲಿನ ಮಕ್ಕಳಿಗೆಲ್ಲ ಬಿಲ್ಲು ಕಲಿಸುವ ದುಲ್ಮಾ ಅಜ್ಜಿಯ ಕಟ್ಟಳೆಯೇ ಹಾಗೆ. ಮೊದಲು ಗುರಿಯ ಪಕ್ಕ ನಿಲ್ಲಬೇಕು. ಬೇರೆಯವರ ಬಾಣ ಗುರಿಯಾಗಿಟ್ಟ ತೊಗಲ ಕುಡಿಕೆಗಳ ಸಾಲಿಗೆ ತಾಗಿದಾಗ ಎರಡೂ ಕೈ ಮುಗಿಲಿಗೆತ್ತಿ "ಉಖೈ" ಎಂದು ಎಳೆದು ಹಾಡಬೇಕು. ಇನ್ನೊಬ್ಬರ ಗೆಲುವಿಗೆ ಗಂಟಲು ಬಿಚ್ಚಿದ ಮೇಲೆಯೇ ಕೈಗೆ ಬಿಲ್ಲು.

ಇವತ್ತು ಬಿಲ್ಲು ಹಿಡಿಯಲು ಅವಳ ಸರದಿ. ಕುದುರೆಗಳ ಹಾಲು ಕರೆಯುವಾಗಲೇ ಹೆದೆ ಎಳೆಯಬೇಕಾದ ಹೆಬ್ಬೆರಳು ಚುರುಗುಟ್ಟುತ್ತಿತ್ತು. ಅಷ್ಟರಲ್ಲಿ ಕುರಿಮಂದೆಯ ಗೊಂಬೊ, ಬಿಡಾರದವರನ್ನೆಲ್ಲ ಹಿಂದೆ ಕಟ್ಟಿಕೊಂಡು ಬಂದ.

"ಅಜ್ಜೀ, ನಿನ್ನ ಕಣ್ಣಿಗೆ ಒಂಟೆ ಯಾವ್ದು ಗುಡಾರ ಯಾವ್ದು ಗೊತ್ತಾಗಲ್ಲ. ನಿನ್ನ ಹತ್ರ ಮಕ್ಕಳನ್ನ ಹ್ಯಾಗೆ ಬಿಡೋದು? ಸಾಕು ಮಾಡು."

"ಒಂಟೆ ಇಷ್ಟು ಮಾತಾಡಲ್ಲ ಕಣೋ. ಹಂಗಾಗಿ ನೀನು ಯಾರು ಅಂತ ಗೊತ್ತಾಯ್ತು." ಅಜ್ಜಿ ಎದ್ದಳು. "ಎರಡು ಬಾಣ ಬಿಡ್ತೀನಿ. ಎರಡೂ ತಪ್ಪಿದ್ರೆ ಬಿಲ್ಲು ಪೆಟ್ಟಿಗೆಗೆ."

ಉಯಂಗ ಹಾಲಿನ ಪಾತ್ರೆ ಕೆಳಗಿಟ್ಟಳು. ಪೆಟ್ಟಿಗೆ ಸೇರಿದ ಬಿಲ್ಲು ತನ್ನ ಕೈಗೆ ಬರುವುದೆಲ್ಲಿ? ಗುರಿಯ ಪಕ್ಕಕ್ಕೆ ಓಡಿ ನಿಂತಳು. ಹಿಂದೆಯೇ, ತಪ್ಪುವುದನ್ನು ಕಣ್ಣಾರೆ ನೋಡಬೇಕೆಂದು ಗೊಂಬೊನೂ ಬಂದ.

ಮೊದಲ ಬಾಣ ಗುರಿ ತಲುಪದೆ ಈಚೆಗೇ ಬಿತ್ತು. ಉಯಂಗ ರೂಢಿಯಂತೆ ಕೈ ತಗ್ಗಿಸಿ ಸನ್ನೆ ಮಾಡಿದಳು. ಅಜ್ಜಿಗೆ ಅದು ಕಾಣದೆಂದು ಆಮೇಲೆ ಹೊಳೆಯಿತು. ಅದನ್ನೇ ಹಾಡಿ ತಿಳಿಸಿದಳು: ಬಾಣ ನೆಲಕ್ಕಿಳಿದ ಹಾಗೆ ಇಳಿದಿಳಿದು ಹುಲ್ಲಿನಲ್ಲಿ ಕರಗುವ ದನಿ.

ಅಜ್ಜಿ ದನಿಯತ್ತ ಕಿವಿಗೊಟ್ಟಳು. ಬಿಲ್ಲನ್ನು ಕೂದಲೆಳೆಯಷ್ಟು ಮೇಲೆತ್ತಿದಳು. ಹೆದೆ ಹಿಂದೆ ಹೋದಂತೆ ಅವಳ ಬಾಗಿದ ಬೆನ್ನು ನೆಟ್ಟಗಾಯಿತು. ಅಲ್ಲಿ ನಿಂತಿದ್ದವಳು ಯಾವ ಕಾಲದ ಹೆಂಗಸೋ ಎನಿಸಿತು. ಗಾಳಿಯೂ ಕಾದು ನಿಂತಿತು. ಬಾಣ ಹೊರಟಿದ್ದು ಉಯಂಗಳಿಗೆ ಕಾಣಲಿಲ್ಲ. ಬಾನಿನ ನೀಲಿಯಲ್ಲಿ ಒಂದು ಹೊಲಿಗೆ ಬಿದ್ದಂತಾಯಿತು, ಅಷ್ಟೆ.

ಟಕ್. ನಡುವಿನ ಕುಡಿಕೆ ಉರುಳಿತು.

ಉಯಂಗ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲೇ ದನಿ ಎದ್ದಿತು.

"ಉಖೈ...!"

ಹಾಡಿದವನು ಗೊಂಬೊ. ಅವನ ಎರಡೂ ಕೈಗಳು ತಾವಾಗಿ ಮುಗಿಲಿಗೆದ್ದಿದ್ದವು. ಚಿಕ್ಕಂದಿನಲ್ಲಿ ಅವನೂ ಇದೇ ಜಾಗದಲ್ಲಿ ಬೇಸಿಗೆ ಕಳೆದವನು. ಹಿಂದೆಯೇ ಅವನ ಜೊತೆ ಬಂದವರೆಲ್ಲ ಕೈಯೆತ್ತಿ ದನಿಗೂಡಿಸಿದರು. ಅವರೆಲ್ಲರಿಗೂ ಬಿಲ್ಲು ಹಿಡಿಸಿದವಳು ಅಜ್ಜಿಯೇ. ಹಾಡು ಗುಡ್ಡಕ್ಕೆ ತಾಗಿ ತಿರುಗಿ ಬಂತು.

"ಮೊದಲು ಹಾಡಿದ್ದು ಗೊಂಬೊ ತಾನೆ?" ಅಜ್ಜಿ ಅಲ್ಲಿಂದಲೇ ಕೂಗಿದಳು. "ಶ್ರುತಿ ಇನ್ನೂ ಸೇರಿಲ್ಲವಲ್ಲೋ! ಅಲ್ಲೇ ನಿಂತು ಕಲಿ. ಉಯಂಗಾ, ಬಾ ಮಗಾ, ಬಿಲ್ಲು ತಗೋ."

ಗೊಂಬೊ ಟೊಪ್ಪಿಗೆ ತೆಗೆದು, ಗುರಿಯ ಪಕ್ಕ ಸರಿದು ನಿಂತ.